ಮೊಗ ಮತ್ತು ಮೊಗಸಾಲೆ: ಅಠಾರ ಕಚೇರಿಯನ್ನು ಅಳೆಯುವ ಬಗೆ

ಬೆಂಗಳೂರಿನ ಹೈಕೋರ್ಟು ಎಂದೊಡನೆ ಕಣ್ಣ ಮುಂದೆ ಬರುವುದು ವಿಧಾನಸೌಧದ ಎದುರಿಗಿರುವ ಆ ಕೆಂಪು ಕಟ್ಟಡ. ಅದನ್ನು ಹೊರಗಿನಿಂದ ನೋಡದ ಕನ್ನಡಿಗರು ಕಡಿಮೆ. ಒಳಗೆ ಹೋಗಿ ಬಂದವರೂ ಕಡಿಮೆಯೇ. 1982ರಲ್ಲಿ ಈ ಕಟ್ಟಡವನ್ನು ಕೆಡವುವ ಪ್ರಸ್ತಾಪ ಬಂದಿತ್ತು. ಊರಿನ ಕೆಲವರು ಅದನ್ನು ಪ್ರಶ್ನಿಸಿ ಹೈಕೋರ್ಟಿನ ಬಾಗಿಲು ತಟ್ಟಿದರು. ಯಾವ ಕಟ್ಟಡ ಉಳಿಯಬೇಕೋ ಉರುಳಬೇಕೋ ಎಂಬ ಜಗಳವಿತ್ತೋ ಅದೇ ಕಟ್ಟಡದೊಳಗೆ ನಿಂತು ವಕೀಲರು ವಾದ ಮಾಡಿದರು. ಅದೇ ಸೂರಿನ ಕೆಳಗೆ ಕುಳಿತು ನ್ಯಾಯಮೂರ್ತಿಗಳು ಕೇಳಿಸಿಕೊಂಡರು. ಕಡೆಗೂ ಕಟ್ಟಡ ಉಳಿಯಿತು. ಇವತ್ತಿಗೂ ಪ್ರವಾಸಿಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಬೆಂಗಳೂರಿನ ಹಳೆಯ ಕಟ್ಟಡಗಳ ಬಗ್ಗೆ ಮಾತು ಬಂದಾಗಲೆಲ್ಲ ಈ ಕತೆಯನ್ನು ನಾವು ಸಂತೋಷದಿಂದ ಹೇಳಿಕೊಳ್ಳುತ್ತೇವೆ. ಸಂತೋಷ ಸಹಜವೇ. ಎಷ್ಟೋ ಬಂಗಲೆಗಳು, ಮಾರುಕಟ್ಟೆಗಳು, ಚಿತ್ರಮಂದಿರಗಳು ನಮ್ಮ ಕಣ್ಣೆದುರೇ ನೆಲಸಮವಾದ ಊರಿನಲ್ಲಿ ಇದೊಂದು ಅಪರೂಪದ ಗೆಲುವು. ಆದರೆ ಈ ಗೆಲುವನ್ನು ಇನ್ನೊಮ್ಮೆ ನೋಡಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಅಂದು ನಾವು ಉಳಿಸಿಕೊಂಡದ್ದು ಏನನ್ನು? ಹಳೆಯ ಕೋರ್ಟೊಂದನ್ನು ಇಂದಿನ ಉಪಯೋಗಕ್ಕೆ ಸಜ್ಜುಗೊಳಿಸುವಾಗ ನಾವು ಯಾವುದನ್ನು ಅಳೆಯುತ್ತೇವೆ, ಯಾವುದನ್ನು ಅಳೆಯುವುದನ್ನೇ ಮರೆಯುತ್ತೇವೆ? ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

ಮೊದಲಿಗೆ ಕಟ್ಟಡದ ಹುಟ್ಟಿನ ವಿಚಾರ. ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ಕಚೇರಿಗಳು ಬೆಂಗಳೂರು ಕೋಟೆಯ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದವು. ಅಲ್ಲಿ ಜಾಗ ಸಾಲದಾಯಿತು. ಆಗ ಕಂದಾಯವೂ ಸೇರಿದಂತೆ ಸರ್ಕಾರದ 18 ಇಲಾಖೆಗಳಿಗೆಂದು ಹೊಸ ಕಟ್ಟಡ ಎದ್ದಿತು. ಕೆಲಸ ಮುಗಿದದ್ದು 1868ರಲ್ಲಿ. ಯೋಜನೆ ರಿಚರ್ಡ್ ಸ್ಯಾಂಕಿಯದು ಎನ್ನುತ್ತಾರೆ. ಕಟ್ಟಿಸಿದ ಗುತ್ತಿಗೆದಾರರು ರಾವ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಹಿಂದೂಸ್ತಾನಿಯಲ್ಲಿ 'ಅಠಾರಾ' ಎಂದರೆ ಹದಿನೆಂಟು. ಹಾಗಾಗಿ ಜನರ ಬಾಯಲ್ಲಿ ಇದು ಅಠಾರ ಕಚೇರಿ ಆಯಿತು. 1956ರಲ್ಲಿ ವಿಧಾನಸೌಧ ಮುಗಿದು ಸಚಿವಾಲಯ ರಸ್ತೆ ದಾಟಿ ಆಚೆಗೆ ಹೋಗುವವರೆಗೂ ಸರ್ಕಾರದ ಕಾಗದಪತ್ರಗಳು ಓಡಾಡಿದ್ದು ಇಲ್ಲಿಂದಲೇ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ನಾವು ಚಾರಿತ್ರಿಕ ನ್ಯಾಯಾಲಯ ಎಂದು ಕಾಪಾಡಿಕೊಂಡಿರುವ ಈ ಕಟ್ಟಡ ನ್ಯಾಯಾಲಯಕ್ಕೆಂದೇ ಕಟ್ಟಿದ್ದಲ್ಲ. ಗುಮಾಸ್ತರ ಮೇಜು, ದಫ್ತರಗಳ ಬೀರು, ಸಾಹೇಬರ ಕೋಣೆ ಇವುಗಳಿಗೆಂದು ಕಟ್ಟಿದ್ದು. ಉದ್ದಕ್ಕೆ ಚಾಚಿದ ಎರಡು ಅಂತಸ್ತು, ಮುಂದೆ ಸಾಲು ಕಂಬಗಳು, ಎತ್ತರದ ಚಾವಣಿ, ಬಿಸಿಲು ನೇರವಾಗಿ ಒಳಗೆ ಬಾರದಂತೆ ಮೊಗಸಾಲೆ. ಇವೆಲ್ಲ ಕುಳಿತು ಬರೆಯುವವರ ಅನುಕೂಲಕ್ಕೆ ಆಗಿದ್ದವು. ಆಮೇಲೆ ಅದನ್ನು ಕೋರ್ಟಿಗೆ ಹೊಂದಿಸಿಕೊಂಡರು. ಅಂದರೆ ಇಂದು ನಾವು ಪರಂಪರೆ ಎನ್ನುವುದು ನಿನ್ನೆಯವರು ಮಾಡಿಕೊಂಡ ಒಂದು ಹೊಂದಾಣಿಕೆ. ಹಳೆಯ ಕಟ್ಟಡವನ್ನು ಹೊಸ ಕೆಲಸಕ್ಕೆ ಬಳಸಿದರೆ ಅದರ ಪಾವಿತ್ರ್ಯ ಕೆಟ್ಟೀತು ಎಂದು ವಾದಿಸುವವರು ಇದನ್ನು ನೆನಪಿಡಬೇಕು. ಅಠಾರ ಕಚೇರಿ ಇಷ್ಟು ವರ್ಷ ಬಾಳಿರುವುದಕ್ಕೆ ಅದರ ಕೆಂಪು ಬಣ್ಣ ಕಾರಣವಲ್ಲ. ಒಂದು ಕೆಲಸ ಕೈಬಿಟ್ಟಾಗ ಇನ್ನೊಂದು ಕೆಲಸಕ್ಕೆ ಒದಗಿತು, ಅದರಿಂದ ಬಾಳಿತು.

ಆದರೆ 1980ರ ದಶಕದ ನಮ್ಮ ಪ್ರೀತಿ ಹುಟ್ಟಿದ್ದು ಕಟ್ಟಡದ ಮೊಗ ನೋಡಿ. ಅದನ್ನು ನಾನು ಹಗುರ ಮಾಡುವುದಿಲ್ಲ. ಊರಿಗೂ ಒಂದು ಮುಖ ಬೇಕು. ವಿಧಾನಸೌಧದ ಬೂದು ಕಲ್ಲಿನ ಎದುರಿಗೆ ಈ ಕೆಂಪು ಇಲ್ಲದಿದ್ದರೆ, ಹಿಂದೆ ಕಬ್ಬನ್ ಪಾರ್ಕಿನ ಹಸಿರು ಇಲ್ಲದಿದ್ದರೆ ಆ ರಸ್ತೆ ಇನ್ನೊಂದು ಅಗಲ ರಸ್ತೆ ಮಾತ್ರ ಆಗುತ್ತಿತ್ತು. ಶಾಸನ ಮಾಡುವವರು ಒಂದು ಕಡೆ, ಅದನ್ನು ಒರೆಗೆ ಹಚ್ಚುವವರು ಇನ್ನೊಂದು ಕಡೆ, ನಡುವೆ ಜನ ಓಡಾಡುವ ಬೀದಿ. ಪುಸ್ತಕದಲ್ಲಿ ಓದಿದ ಅಧಿಕಾರ ವಿಂಗಡಣೆಯನ್ನು ಹೀಗೆ ಕಣ್ಣಾರೆ ನೋಡಲು ಸಿಗುವ ಜಾಗಗಳು ಹೆಚ್ಚಿಲ್ಲ.

ತೊಂದರೆ ಏನೆಂದರೆ, ಮೊಗಕ್ಕೆ ಒಲಿದವರು ಮೊಗಕ್ಕೇ ನಿಂತುಬಿಡುತ್ತಾರೆ. ಕಾಲಕಾಲಕ್ಕೆ ಹಿಂದೆ, ಪಕ್ಕದಲ್ಲಿ ಸೇರಿಕೊಂಡ ಕಟ್ಟಡಗಳು ಅದೇ ಕೆಂಪನ್ನು ತೊಟ್ಟವು. ಬಣ್ಣ ಹೊಂದಿದರೆ ಪರಂಪರೆ ಹೊಂದಿತು ಎಂಬ ಸಮಾಧಾನ ನಮಗೆ. ಎದುರಿಗೆ ಕುದುರೆಯೇರಿ ನಿಂತಿದ್ದ ಮಾರ್ಕ್ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಕಬ್ಬನ್ ಪಾರ್ಕಿನೊಳಕ್ಕೆ ಸಾಗಿಸಿದಾಗ ಪತ್ರಿಕೆಗಳಲ್ಲಿ ಚರ್ಚೆಯಾಯಿತು, ಪತ್ರಗಳು ಬಂದವು. ಅದೂ ಮೊಗದ ಸಂಗತಿಯೇ. ಆದರೆ ಅದೇ ಕಟ್ಟಡದ ಇನ್ನೊಂದು ಸಂಗತಿಗೆ ಅಷ್ಟು ಓದುಗರು ಸಿಗಲಿಲ್ಲ. ಹೈಕೋರ್ಟಿನ ನೆಲಮಾಳಿಗೆಯಲ್ಲಿ ಕೆಲಸ ಮಾಡುವ ಕಚೇರಿಗಳಿಗೆ ಸರಿಯಾದ ಗಾಳಿ ಬೆಳಕು ಇಲ್ಲ, ಅವನ್ನು ಬೇರೆಡೆಗೆ ಸಾಗಿಸಬೇಕು ಎಂಬ ಅರ್ಜಿಯೂ ಇತ್ತೀಚಿನ ವರ್ಷಗಳಲ್ಲಿ ಇದೇ ಹೈಕೋರ್ಟಿನ ಮುಂದೆ ಬಂತು. ಅಂದರೆ ಈ ಕಟ್ಟಡ ತನ್ನದೇ ಕಟಕಟೆಯಲ್ಲಿ ಎರಡು ಸಲ ನಿಂತಿದೆ. ಮೊದಲನೆಯದು ಮೊಗದ ಕೇಸು. ಎರಡನೆಯದು ಒಡಲಿನ ಕೇಸು. ಮೊದಲನೆಯದನ್ನು ನಾವು ದಂತಕತೆ ಮಾಡಿಕೊಂಡೆವು. ಎರಡನೆಯದು ಆಡಳಿತದ ಚಿಲ್ಲರೆ ವಿಷಯವೆಂದು ಬಿಟ್ಟೆವು. ನನ್ನ ಪ್ರಕಾರ ಹಳೆಯ ಕೋರ್ಟಿನ ನಿಜವಾದ ವಿಮರ್ಶೆ ಶುರುವಾಗುವುದು ಎರಡನೆಯ ಕೇಸಿನಿಂದ.

ಇದನ್ನು ನಾನು ಕಲಿತದ್ದು ಬೆಂಗಳೂರಿನಲ್ಲಲ್ಲ, ನಮ್ಮ ತಾಲ್ಲೂಕಿನ ಮುನ್ಸೀಫ್ ಕೋರ್ಟಿನಲ್ಲಿ. ಅಜ್ಜನದು ಹೊಲದ ಬದುವಿನ ಒಂದು ಕೇಸಿತ್ತು. ಅವನಿಗೆ ಕಿವಿ ಮಂದ. ಬೇಸಿಗೆ ರಜೆಯಲ್ಲಿ, ಶನಿವಾರಗಳಲ್ಲಿ ತಾರೀಖು ಬಿದ್ದರೆ ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದ. ನನ್ನ ಕೆಲಸ ಅವನ ಕಿವಿಯಾಗುವುದು. ಹಳೆಯ ಹೆಂಚಿನ ಕಟ್ಟಡ, ಮುಂದೆ ಉದ್ದನೆಯ ಮೊಗಸಾಲೆ, ಅಂಗಳದಲ್ಲಿ ಬೇವಿನ ಮರ. ಒಳಗಿನ ಬಾಗಿಲುಗಳೆಲ್ಲ ತೆರೆದೇ ಇರುತ್ತಿದ್ದವು. ನಾವು ಮೊಗಸಾಲೆಯ ಕಟ್ಟೆಯ ಮೇಲೆ ಕುಳಿತರೆ ಒಳಗೆ ಯಾರ ಕೇಸು ನಡೆಯುತ್ತಿದೆ, ಯಾವ ವಕೀಲರು ಎದ್ದು ನಿಂತಿದ್ದಾರೆ, ಸಾಹೇಬರಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಲ್ಲ ಕಾಣುತ್ತಿತ್ತು. ಜವಾನ ಹೊರಗೆ ಬಂದು ಹೆಸರನ್ನು ಮೂರು ಸಲ ಕೂಗುತ್ತಿದ್ದ. ಆ ಕೂಗು ಬೇವಿನ ಮರದ ತನಕ ಹೋಗುತ್ತಿತ್ತು.

ಕೆಲ ವರ್ಷಗಳ ಮೇಲೆ ಕೋರ್ಟು ಹೊಸ ಕಾಂಕ್ರೀಟ್ ಕಟ್ಟಡಕ್ಕೆ ಹೋಯಿತು. ಗ್ರಾನೈಟು ನೆಲ, ಗಾಜಿನ ಕಿಟಕಿ, ಮುಚ್ಚಿದ ಬಾಗಿಲು. ಕಾಯುವವರಿಗೆ ಮೆಟ್ಟಿಲಿನ ಪಕ್ಕ ಒಂದು ಓಣಿ. ಅವತ್ತು ನಾನೂ ಅಜ್ಜನೂ ಆ ಓಣಿಯಲ್ಲೇ ಬೆಳಗಿನಿಂದ ಕುಳಿತಿದ್ದೆವು. ವಕೀಲರು ಇನ್ನೊಂದು ಹಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮಧ್ಯಾಹ್ನ ಅವರ ಗುಮಾಸ್ತ ಓಡಿ ಬಂದು, ಹೆಸರು ಕೂಗಿದಾಗ ಯಾರೂ ಬರಲಿಲ್ಲವೆಂದು ಕೇಸು ವಜಾ ಆಗಿದೆ ಎಂದ. ಅಜ್ಜನಿಗೆ ನಾನು ಕಿವಿಯ ಹತ್ತಿರ ಬಾಗಿ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಸುಮ್ಮನೆ ಕೇಳಿದ: "ಯಾವಾಗ ಕೂಗಿದರೋ ಮಗಾ? ನಾವು ಇಲ್ಲೇ ಇದ್ದೆವಲ್ಲ."

ಕೇಸನ್ನು ಮತ್ತೆ ಫೈಲಿಗೆ ತರಲು ಅರ್ಜಿ, ಖರ್ಚು, ಇನ್ನೊಂದಿಷ್ಟು ತಿಂಗಳು. ತಪ್ಪು ಯಾರದು ಎಂದು ಈಗಲೂ ಬೆರಳು ಮಾಡಲಾರೆ. ಜವಾನ ಕೂಗಿದ್ದ. ಸಾಹೇಬರು ಕಾಯ್ದಿದ್ದರು. ನಾವೂ ಬಂದಿದ್ದೆವು. ನಡುವೆ ಒಂದು ಬಾಗಿಲು ಮುಚ್ಚಿತ್ತು, ಅಷ್ಟೆ. ಹಳೆಯ ಕಟ್ಟಡ ಮಾಡುತ್ತಿದ್ದ ಒಂದು ಕೆಲಸವನ್ನು ಹೊಸ ಕಟ್ಟಡ ಮಾಡಲಿಲ್ಲ. ಅದೊಂದು ಕೆಲಸವೆಂದು ನಕ್ಷೆ ಬರೆದವರಿಗೆ ಹೊಳೆದೇ ಇರಲಿಲ್ಲ.

ಕಾನೂನಿಗೆ ಮಾತ್ರ ಅದು ಹೊಳೆದಿತ್ತು. ನಮ್ಮ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 327ನೇ ಕಲಂ ಹೇಳುವುದು ಇದನ್ನೇ: ವಿಚಾರಣೆ ನಡೆಯುವ ಸ್ಥಳ ತೆರೆದ ನ್ಯಾಯಾಲಯ, ಅಲ್ಲಿ ಎಷ್ಟು ಜನಕ್ಕೆ ಅನುಕೂಲವಾಗಿ ಹಿಡಿಯುತ್ತದೋ ಅಷ್ಟು ಮಟ್ಟಿಗೆ ಸಾರ್ವಜನಿಕರು ಬರಬಹುದು. ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲೂ ಇದೇ ತತ್ವ ಮುಂದುವರಿದಿದೆ. ಈ ವಾಕ್ಯವನ್ನು ವಕೀಲರು ತತ್ವವಾಗಿ ಓದುತ್ತಾರೆ. ನಾನು ಅದನ್ನು ಕಟ್ಟಡದ ಅಳತೆಯಾಗಿಯೂ ಓದುತ್ತೇನೆ. ಕೋಣೆ ಎಷ್ಟು ಜನಕ್ಕೆ ಹಿಡಿಯುತ್ತದೆ ಎಂಬುದನ್ನು ತೀರ್ಮಾನಿಸುವವರು ಗೋಡೆ, ಬಾಗಿಲು, ಬೆಂಚುಗಳನ್ನು ಎಲ್ಲಿಡಬೇಕೆಂದು ತೀರ್ಮಾನಿಸುವವರು. ಅಂದರೆ ನ್ಯಾಯ ಎಷ್ಟು ತೆರೆದಿದೆ ಎಂಬುದರಲ್ಲಿ ಎಂಜಿನಿಯರಿಗೂ ಪಾಲಿದೆ. ಮೊಗಸಾಲೆ ಇದ್ದ ಕಾಲದಲ್ಲಿ ಕೋರ್ಟಿನ ಹಾಲು ಸಣ್ಣದಾದರೂ ಅದು ಹಿಡಿಸುತ್ತಿದ್ದ ಜನ ದೊಡ್ಡದು. ತೆರೆದ ಬಾಗಿಲಿನ ಆಚೆ ನಿಂತವರೂ ಕೋರ್ಟಿನೊಳಗೇ ಇದ್ದ ಹಾಗೆ. ಹವಾನಿಯಂತ್ರಣ ಬಂದು ಬಾಗಿಲು ಮುಚ್ಚಿದ ದಿನ ಹಾಲು ತಂಪಾಯಿತು, ಕೋರ್ಟು ಕಿರಿದಾಯಿತು.

ಹಳೆಯ ಕೋರ್ಟನ್ನು ಪರೀಕ್ಷಿಸುವ ಕ್ರಮವನ್ನೇ ನೋಡಿ. ಎಂಜಿನಿಯರುಗಳು ಬರುತ್ತಾರೆ. ಗೋಡೆಯ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಅದು ಒಡೆಯುತ್ತದೆಯೇ ಎಂದು ಕಾಯುತ್ತಾರೆ. ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಮರದ ತೊಲೆಯನ್ನು ಚುಚ್ಚಿ ಗೆದ್ದಲು ನೋಡುತ್ತಾರೆ. ಗಾರೆಯನ್ನು ಬೆರಳ ಗಂಟಿನಿಂದ ತಟ್ಟಿ ಪೊಳ್ಳು ಸದ್ದು ಬರುತ್ತದೆಯೇ ಎಂದು ಕೇಳುತ್ತಾರೆ. ಇವೆಲ್ಲ ಬೇಕಾದ ಕೆಲಸಗಳೇ, ಶ್ರದ್ಧೆಯಿಂದ ಮಾಡಬೇಕಾದವು. ಇದರಲ್ಲಿ ಎಡವಿದ ಉದಾಹರಣೆಗಳು ಬೇಕಾದಷ್ಟಿವೆ. ಹತ್ತೊಂಬತ್ತನೆಯ ಶತಮಾನದ ಇಟ್ಟಿಗೆ ಗೋಡೆ ಸುಣ್ಣದ ಗಾರೆಯದ್ದು. ಅದು ಮಳೆಗಾಲದಲ್ಲಿ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿ ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಹೊರಗೆ ಗಟ್ಟಿ, ಒಳಗೆ ಹಿಟ್ಟು. ದುರಸ್ತಿಯೇ ರೋಗವಾಗುವುದು ಹೀಗೆ.

ಕೋರ್ಟಿಗೆ ಇನ್ನೊಂದು ವಿಶೇಷ ಭಾರವಿದೆ: ಕಡತ. ಕಾಗದ ಎಷ್ಟು ತೂಗುತ್ತದೆ ಎಂಬುದು ಅದನ್ನು ಹೊತ್ತವರಿಗೇ ಗೊತ್ತು. ಇಲಾಖೆಯ ಮೇಜು ಕುರ್ಚಿಗೆಂದು ಮಾಡಿದ ಮಹಡಿಯ ಮೇಲೆ ದಶಕಗಳ ರೆಕಾರ್ಡುಗಳನ್ನು ಕಬ್ಬಿಣದ ರ‍್ಯಾಕಿನಲ್ಲಿ ಪೇರಿಸಿದರೆ ತೊಲೆಗಳು ಬಾಗದೆ ಏನು ಮಾಡಿಯಾವು? ಅದರ ಜೊತೆಗೆ ವಿದ್ಯುತ್ತಿನ ತಂತಿ, ಕಂಪ್ಯೂಟರಿನ ತಂತಿ, ಕ್ಯಾಮೆರಾದ ತಂತಿ. ಒಂದೊಂದು ತಲೆಮಾರಿನವರೂ ತಮ್ಮ ತಂತಿ ಎಳೆದು ಹೋದರೇ ಹೊರತು ಹಿಂದಿನವರದನ್ನು ಕಿತ್ತು ತೆಗೆಯಲಿಲ್ಲ. ಹಳೆಯ ಮರ, ಒಣ ಕಾಗದ, ದಣಿದ ತಂತಿ ಒಂದೇ ಕೋಣೆಯಲ್ಲಿದ್ದರೆ ಅಲ್ಲಿ ಬೆಂಕಿಗೆ ಆಹ್ವಾನ ಪತ್ರ ಬೇರೆ ಬೇಕಿಲ್ಲ. ಕಾಗದವನ್ನು ಸ್ಕ್ಯಾನ್ ಮಾಡಿ, ಹಳೆಯ ರೆಕಾರ್ಡುಗಳನ್ನು ಬೇರೆ ಕಟ್ಟಡಕ್ಕೆ ಸಾಗಿಸುವುದು ಎಷ್ಟೋ ಕಡೆ ಗೋಡೆಗೆ ಮಾಡುವ ಯಾವ ಚಿಕಿತ್ಸೆಗಿಂತ ದೊಡ್ಡ ಚಿಕಿತ್ಸೆ.

ಇಷ್ಟೆಲ್ಲ ಅಳೆದ ಮೇಲೆ ವರದಿ ಬರುತ್ತದೆ. ಅದರಲ್ಲಿ ಗೋಡೆಯ ಬಲವಿರುತ್ತದೆ, ಕಂಬದ ಅಂದವಿರುತ್ತದೆ, ಅಂದಾಜು ವೆಚ್ಚವಿರುತ್ತದೆ. ಆದರೆ ಒಂದು ಸಾಮಾನ್ಯ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಮೊಗಸಾಲೆಯಲ್ಲಿ ಎಷ್ಟು ಜನ ನಿಂತಿರುತ್ತಾರೆ, ಅವರಲ್ಲಿ ಎಷ್ಟು ಮಂದಿಗೆ ಕುಳಿತುಕೊಳ್ಳಲು ಜಾಗವಿದೆ, ಒಳಗೆ ಆಡಿದ ಮಾತು ಯಾವ ಬೆಂಚಿನವರೆಗೆ ಕೇಳುತ್ತದೆ ಎಂಬುದು ಬಹುತೇಕ ಇರುವುದಿಲ್ಲ. ಅಂದ ಮತ್ತು ಬಲ, ಈ ಎರಡರ ನಡುವೆ ಮೂರನೆಯದು ಬಿಟ್ಟುಹೋಗುತ್ತದೆ. ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ, ಒದಗು. ಕಟ್ಟಡ ಬಂದವರಿಗೆ ಒದಗುತ್ತದೆಯೇ?

ಇದೇನು ಬರಿಯ ಭಾವುಕತೆಯಲ್ಲ ಎನ್ನುವುದಕ್ಕೆ ಇತ್ತೀಚಿನ ಒಂದು ತೀರ್ಪು ಸಾಕ್ಷಿ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ನ್ಯಾಯಾಲಯಗಳಲ್ಲಿ ಗಂಡಸರಿಗೆ, ಹೆಂಗಸರಿಗೆ, ಅಂಗವಿಕಲರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂದು ಆದೇಶಿಸಿತು. ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ಕಳೆದ ಮೇಲೆ ಸರ್ವೋಚ್ಚ ನ್ಯಾಯಾಲಯ ಶೌಚಾಲಯದ ಬಗ್ಗೆ ತೀರ್ಪು ಬರೆಯಬೇಕಾಯಿತು ಎಂಬುದನ್ನು ನಗೆಯ ವಿಷಯ ಮಾಡಬಾರದು. ಹಳೆಯ ಕೋರ್ಟುಗಳನ್ನು ಕಟ್ಟಿದ ಕಾಲದಲ್ಲಿ ಹೆಂಗಸರು ಅಲ್ಲಿ ವಕೀಲರಾಗಿ, ನ್ಯಾಯಾಧೀಶರಾಗಿ ಬರುತ್ತಾರೆ ಎಂದು ಯಾರೂ ಎಣಿಸಿರಲಿಲ್ಲ. ಗಾಲಿಕುರ್ಚಿಯಲ್ಲಿ ಬರುವವನೊಬ್ಬ ಮಹಡಿಯ ಹಾಲಿಗೆ ಹೋಗಬೇಕಾದೀತು ಎಂದೂ ಎಣಿಸಿರಲಿಲ್ಲ. ಆ ಮೆಟ್ಟಿಲುಗಳು ಎಷ್ಟೇ ಚಂದವಿರಲಿ, ಯಾರು ಬರುವುದಿಲ್ಲ ಎಂದು ಅವು ಮೊದಲೇ ತೀರ್ಮಾನಿಸಿಬಿಟ್ಟಿವೆ. ಪರಂಪರೆಯನ್ನು ಉಳಿಸುವುದೆಂದರೆ ಆ ತೀರ್ಮಾನವನ್ನೂ ಉಳಿಸುವುದಲ್ಲ. ರ‍್ಯಾಂಪು, ಲಿಫ್ಟು ಹಾಕಿದರೆ ಮುಂಭಾಗದ ಅಂದ ಕೆಡುತ್ತದೆ ಎಂಬ ವಾದ ಕೇಳಿದಾಗಲೆಲ್ಲ ನನಗೆ ಮೊಗದ ಕೇಸು ಇನ್ನೂ ಮುಗಿದಿಲ್ಲ ಅನ್ನಿಸುತ್ತದೆ.

ಬೇರೆ ಊರುಗಳವರು ಏನು ಮಾಡಿದ್ದಾರೆ? ಎರಡು ಉದಾಹರಣೆ ಸಾಕು. ಲಂಡನ್ನಿನ ಪಾರ್ಲಿಮೆಂಟಿನ ಎದುರಿಗಿರುವ ಮಿಡ್ಲ್‌ಸೆಕ್ಸ್ ಗಿಲ್ಡ್‌ಹಾಲ್ 1913ರ ಕಟ್ಟಡ. ಅದನ್ನು ನವೀಕರಿಸಿ 2009ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟನ್ನು ಅಲ್ಲಿ ತೆರೆದರು. ಆಗ ಹಳೆಯ ಕೋರ್ಟು ಕೋಣೆಗಳ ಕೆತ್ತನೆಯ ಮರದ ಆಸನಗಳನ್ನು ತೆಗೆಯುವುದಕ್ಕೆ ಪರಂಪರೆಯ ಪರವಾದವರು ಬಲವಾಗಿ ವಿರೋಧಿಸಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಅಂಥ ಮರ, ಅಂಥ ಕೈ ಮತ್ತೆ ಸಿಗುವುದಿಲ್ಲ. ಆದರೆ ಆ ಬದಲಾವಣೆಯಲ್ಲಿ ಒಂದು ಹೊಸ ಮಾತೂ ಇತ್ತು. ಅಲ್ಲಿ ನ್ಯಾಯಮೂರ್ತಿಗಳು ಎತ್ತರದ ಪೀಠದಲ್ಲಿ ಕೂರುವುದಿಲ್ಲ, ವಾದಿಸುವವರ ಮಟ್ಟದಲ್ಲೇ ಕೂರುತ್ತಾರೆ. ನ್ಯಾಯ ಮೇಲಿಂದ ಕೆಳಕ್ಕೆ ಬೀಳುವುದೋ, ಎದುರು ಬದುರು ಕುಳಿತು ಆಡುವ ಮಾತಿನಿಂದ ಹುಟ್ಟುವುದೋ ಎಂಬ ಪ್ರಶ್ನೆಗೆ ಅವರು ಬಡಗಿಯ ಕೈಯಲ್ಲಿ ಉತ್ತರ ಬರೆಸಿದರು. ಒಪ್ಪುವುದು ಬಿಡುವುದು ಬೇರೆ. ನವೀಕರಣ ಬಣ್ಣ ಬಳಿಯುವ ಕೆಲಸವಲ್ಲ, ವಿಚಾರದ ಕೆಲಸ ಎಂದು ಅವರಿಗೆ ತಿಳಿದಿತ್ತು.

ಇನ್ನೊಂದು ಮುಂಬಯಿ. ಅಲ್ಲಿಯ ಹೈಕೋರ್ಟಿನ ಗೋಥಿಕ್ ಕಟ್ಟಡ 1878ರದ್ದು. 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಕಟ್ಟಡಗಳ ಗುಂಪಿನಲ್ಲಿ ಅದೂ ಇದೆ. ಜಾಗ ಸಾಲದೆಂದು ಬಾಂದ್ರಾದಲ್ಲಿ ಹೊಸ ಸಂಕೀರ್ಣಕ್ಕೆ 2025ರ ನವೆಂಬರಿನಲ್ಲಿ ಅಡಿಗಲ್ಲು ಹಾಕಿದರು. ಕೋರ್ಟು ಹೊರಟುಹೋದ ಮೇಲೆ ಹಳೆಯ ಕಟ್ಟಡದಲ್ಲಿ ಏನು ನಡೆಯಬೇಕು ಎಂಬುದು ಮುಂದಿನ ಪ್ರಶ್ನೆ. ಇಂಥ ಕಡೆ ಸುಲಭಕ್ಕೆ ಸಿಗುವ ಉತ್ತರ ಮ್ಯೂಸಿಯಂ. ಕಟ್ಟಡಕ್ಕೆ ಅದರಿಂದ ಅವಮಾನವೇನೂ ಇಲ್ಲ. ಆದರೆ ಊರಿನ ನಡುವೆ ಬಡವನೊಬ್ಬ ಕಾಗದ ಹಿಡಿದು ಮೆಟ್ಟಿಲು ಹತ್ತಬಹುದಾಗಿದ್ದ ಜಾಗ ಟಿಕೆಟು ಕೊಂಡು ಒಳಹೋಗುವ ಜಾಗವಾದರೆ ಊರು ಸ್ವಲ್ಪ ಬಡವಾಗುತ್ತದೆ.

ಹೀಗೆ ಮುಂದೆ ಎರಡು ಸಲೀಸು ದಾರಿಗಳಿವೆ. ಮೊಗ ಉಳಿಸಿ ಒಡಲನ್ನೆಲ್ಲ ಹೊಸದು ಮಾಡುವುದು, ಇಲ್ಲವೇ ಒಡಲನ್ನು ಬೇರೆಡೆಗೆ ಒಯ್ದು ಮೊಗವನ್ನು ನೆನಪಿಗೆ ಬಿಡುವುದು. ಕಷ್ಟದ್ದು ಮೂರನೆಯದು: ಕೆಲಸ ನಿಲ್ಲದಂತೆ, ಕಟ್ಟಡದ ಗುಣ ಕೆಡದಂತೆ, ಬಂದವರಿಗೆ ಒದಗುವಂತೆ ಸ್ವಲ್ಪ ಸ್ವಲ್ಪವೇ ಸರಿಪಡಿಸುತ್ತ ಹೋಗುವುದು. ಇದಕ್ಕೆ ನಮ್ಮಲ್ಲೇ ಒಂದು ಹಳೆಯ ಪದ್ಧತಿ ಇದೆ. ದೇವಸ್ಥಾನದ ಜೀರ್ಣೋದ್ಧಾರ ಮಾಡುವಾಗ ಗರ್ಭಗುಡಿಗೆ ಕೈ ಹಾಕುವ ಮುನ್ನ ಪಕ್ಕದಲ್ಲಿ ಚಿಕ್ಕದೊಂದು ಬಾಲಾಲಯ ಕಟ್ಟುತ್ತಾರೆ. ದೇವರ ಸಾನ್ನಿಧ್ಯ ಅಲ್ಲಿಗೆ ಬರುತ್ತದೆ, ಪೂಜೆ ಒಂದು ದಿನವೂ ತಪ್ಪುವುದಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲಿಗೆ ಎಣ್ಣೆಬಣ್ಣ ಬಳಿದು, ಮುಖಮಂಟಪಕ್ಕೆ ಬಚ್ಚಲಮನೆಯ ಟೈಲ್ಸು ಹಾಕಿ ಕೆಡಿಸಿದ ಗುಡಿಗಳೂ ನಮ್ಮಲ್ಲಿ ಕಡಿಮೆಯಿಲ್ಲ, ಅದು ಬೇರೆ ಮಾತು. ಆದರೆ ಬಾಲಾಲಯದ ಹಿಂದಿನ ತಿಳಿವಳಿಕೆ ದೊಡ್ಡದು. ಕಟ್ಟಡಕ್ಕಿಂತ ಮೊದಲು ಅದರೊಳಗೆ ನಡೆಯುವುದನ್ನು ಗುರುತಿಸಬೇಕು, ಅದಕ್ಕೊಂದು ಜಾಗ ಮಾಡಬೇಕು, ಆಮೇಲೆ ಕಲ್ಲಿಗೆ ಉಳಿ ಹಾಕಬೇಕು. ಕೋರ್ಟಿನ ನವೀಕರಣದ ಯೋಜನೆಗಳಲ್ಲಿ ಈ ಬಾಲಾಲಯದ ಪುಟವೇ ಕಾಣೆಯಾಗಿರುತ್ತದೆ. ಕೆಲಸ ಶುರುವಾದ ಮೇಲೆ ಕಕ್ಷಿದಾರರು ಸಿಮೆಂಟಿನ ಚೀಲಗಳ ನಡುವೆ ತಮ್ಮ ಹಾಲು ಎಲ್ಲಿದೆ ಎಂದು ಹುಡುಕುತ್ತ ಅಲೆಯುತ್ತಾರೆ.

ಇನ್ನೊಂದು ಬಗೆಯ ನವೀಕರಣವನ್ನೂ ಇಲ್ಲಿ ಹೇಳಬೇಕು. 2008ರ ಜುಲೈಯಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಕೆಲಸ ಆರಂಭಿಸಿದವು. 2013ರಲ್ಲಿ ಅವು ಕಾಯಂ ಆದವು. ಉತ್ತರ ಕರ್ನಾಟಕದ ವಕೀಲರು ಮತ್ತು ಜನ ದಶಕಗಳ ಕಾಲ ಹೋರಾಡಿ ಪಡೆದದ್ದು ಅದು. ಬೀದರಿನವನೊಬ್ಬ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಬಂದು, ಕೇಸು ಮುಂದೆ ಹೋಯಿತೆಂದು ಕೇಳಿ, ಮತ್ತೆ ರಾತ್ರಿ ಬಸ್ಸು ಹಿಡಿಯುತ್ತಿದ್ದ ಕಾಲದಲ್ಲಿ ಅವನ ಪಾಲಿಗೆ ಅಠಾರ ಕಚೇರಿಯ ಮೊಗಸಾಲೆ ಶುರುವಾಗುತ್ತಿದ್ದುದು ಬೀದರಿನ ಬಸ್ ನಿಲ್ದಾಣದಿಂದ. ಆ ಎರಡು ಪೀಠಗಳು ಈ ಕೆಂಪು ಕಟ್ಟಡದ ಒಂದು ಇಟ್ಟಿಗೆಯನ್ನೂ ಮುಟ್ಟಲಿಲ್ಲ. ಆದರೂ ಅದಕ್ಕೆ ಆದ ಅತಿ ದೊಡ್ಡ ನವೀಕರಣ ಅದೇ ಎಂದು ನಾನು ಹೇಳುತ್ತೇನೆ. ಕಟ್ಟಡದ ಮೇಲಿನ ಒತ್ತಡ ತಗ್ಗಿಸಲು ಅದನ್ನು ಹಿಗ್ಗಿಸುತ್ತಲೇ ಇರಬೇಕೆಂದಿಲ್ಲ. ಕೆಲಸವನ್ನು ಜನರ ಹತ್ತಿರಕ್ಕೆ ಕಳಿಸಬಹುದು.

ಈಗ ಕ್ಯಾಮೆರಾ ಬಂದಿದೆ. 2022ರ ಫೆಬ್ರವರಿಯಲ್ಲಿ ಹಿಜಾಬ್ ಪ್ರಕರಣದ ವಿಚಾರಣೆಯನ್ನು ನಾಡಿನ ಮೂಲೆಮೂಲೆಯ ಜನ ಮೊಬೈಲಿನಲ್ಲಿ ಕುಳಿತು ನೋಡಿದರು. ಇದೂ ಒಂದು ಮೊಗಸಾಲೆಯೇ, ಅಳತೆಗೆ ಸಿಗದಷ್ಟು ಉದ್ದದ್ದು. ಅದರಿಂದ ಹಳೆಯ ಮೊಗಸಾಲೆ ಬೇಡವಾಯಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಪರದೆಯಲ್ಲಿ ನೋಡುವವನು ಪ್ರೇಕ್ಷಕ. ಮೊಗಸಾಲೆಯಲ್ಲಿ ಕಾಯುವವನದು ಕೇಸು. ಅವನ ಹೊಲ, ಅವಳ ಜೀವನಾಂಶ, ಅವರ ಮಗನ ಜಾಮೀನು. ಅವರಿಗೆ ಬೇಕಾದದ್ದು ನೇರಪ್ರಸಾರವಲ್ಲ. ಕುಳಿತುಕೊಳ್ಳಲು ಬೆಂಚು, ಕುಡಿಯಲು ನೀರು, ಯಾವ ಹಾಲಿನಲ್ಲಿ ಎಷ್ಟನೆಯ ಕೇಸು ನಡೆಯುತ್ತಿದೆ ಎಂದು ಕನ್ನಡದಲ್ಲಿ ತೋರಿಸುವ ಫಲಕ, ಹೆಸರು ಕೂಗಿದರೆ ಕೇಳಿಸುವಷ್ಟು ಹತ್ತಿರದ ಬಾಗಿಲು.

"ಗೆದ್ದವನು ಸೋತ, ಸೋತವನು ಸತ್ತ" ಎಂದು ನಮ್ಮ ಹಳ್ಳಿಗಳಲ್ಲಿ ಕೋರ್ಟಿನ ಬಗ್ಗೆ ಹೇಳುತ್ತಾರೆ. ಕಾನೂನಿನ ನಿಧಾನವನ್ನು, ಖರ್ಚನ್ನು ಕುರಿತ ಮಾತದು. ಅದನ್ನೆಲ್ಲ ಕಟ್ಟಡವೊಂದು ಸರಿಮಾಡಲಾರದು, ಅಂಥ ಆಸೆಯನ್ನು ಯಾವ ವಾಸ್ತುಶಿಲ್ಪಿಯ ಮೇಲೂ ಹೊರಿಸಬಾರದು. ಆದರೆ ಆ ನಿಧಾನದಲ್ಲಿ ಮನುಷ್ಯ ತನ್ನ ಮರ್ಯಾದೆ ಉಳಿಸಿಕೊಂಡು ಕಾಯುವಂತೆ ಮಾಡುವುದು ಕಟ್ಟಡದ ಕೈಯಲ್ಲಿದೆ. ಅಠಾರ ಕಚೇರಿಗೆ ನಾಳೆ ಯಾರಾದರೂ ಟೇಪು, ಕ್ಯಾಮೆರಾ ಹಿಡಿದು ಬಂದರೆ ಅವರಲ್ಲಿ ನನ್ನದೊಂದು ಕೋರಿಕೆ ಇದೆ. ಮೊದಲ ದಿನ ಏನನ್ನೂ ಅಳೆಯಬೇಡಿ. ಯಾರ ಪರಿಚಯವನ್ನೂ ಹೇಳಿಕೊಳ್ಳದೆ ಬೆಳಿಗ್ಗೆ ಹತ್ತೂವರೆಯಿಂದ ಸಂಜೆಯವರೆಗೆ ಕಾಯುವವರ ಜೊತೆ ಕಾಯಿರಿ. ಎಲ್ಲಿ ಕುಳಿತಿರಿ, ಎಷ್ಟು ಹೊತ್ತು ನಿಂತಿರಿ, ಶೌಚಾಲಯಕ್ಕೆ ಎಷ್ಟು ದೂರ ನಡೆದಿರಿ, ಒಳಗಿನ ಮಾತು ಎಷ್ಟು ಕೇಳಿಸಿತು, ಇದನ್ನು ಬರೆದುಕೊಳ್ಳಿ. ಎರಡನೆಯ ದಿನ ಕಂಬಗಳ ಎತ್ತರ ಬರೆದುಕೊಂಡರಾಯಿತು. ಅವು 1868ರಿಂದ ಅಲ್ಲೇ ನಿಂತಿವೆ, ಇನ್ನೊಂದು ದಿನ ಕಾಯುತ್ತವೆ.

ಅಜ್ಜನ ಕೇಸು ಅವನು ಹೋದ ಮೇಲೆ ರಾಜಿಯಲ್ಲಿ ಮುಗಿಯಿತು. ತಾಲ್ಲೂಕಿನ ಆ ಹೆಂಚಿನ ಕೋರ್ಟು ಈಗ ಇಲ್ಲ. ಬೇವಿನ ಮರ ಇದೆ. ಅದರ ಕೆಳಗೆ ಈಗಲೂ ಜನ ಕುಳಿತಿರುತ್ತಾರೆ, ಹೊಸ ಕಟ್ಟಡದ ಬಾಗಿಲಿನ ಕಡೆ ಮುಖ ಮಾಡಿಕೊಂಡು. ಒಳಗೆ ಅವರ ಹೆಸರು ಕೂಗಿದರೆ ಅಲ್ಲಿಗೆ ಕೇಳಿಸುವುದಿಲ್ಲ.